ಹೊಯ್

ಬತ್ತಾಸಿಗೆ ಮೊದಲು ಕುಣಿತ ಮರೆಸಬೇಕಿತ್ತು.
ಒಂಬತ್ತು ವರ್ಷ ಮದುವೆ ಮೆರವಣಿಗೆಯ ಕುದುರೆ ಅದು,
ತಮಟೆ ಕೇಳಿದರೆ ಮುಂಗಾಲು ತಾನೇ ಏಳುವುದು,
ಬ್ಯಾಂಡಿನವನು ಕಹಳೆಯ ಬಾಯಿ ಒರೆಸಿಕೊಂಡರೂ ಸಾಕು
ಕತ್ತು ಬಿಲ್ಲಾಗುವುದು.
ಕಲಿಸಿದವನು ನಾನೇ. ಬೆತ್ತದಲ್ಲಿ.
ಮರೆಸುವುದಕ್ಕೆ ಬೆತ್ತ ಬರಲಿಲ್ಲ.
ಐದು ತಿಂಗಳು, ಸಾಲಗಾಮೆ ರಸ್ತೆಯ ಬಯಲಲ್ಲಿ,
ಒಂದು ಹಳೇ ರೇಡಿಯೋ, ಒಂದು ಚೀಲ ಕ್ಯಾರೆಟ್ಟು,
ಕಿವಿಯ ಪಕ್ಕದಲ್ಲಿ ನಾನು:
ನಡಿ ತಾಯಿ, ಬರೀ ನಡಿ.

ಬರೀ ನಡೆಯುವುದು ಇಷ್ಟು ಕಷ್ಟವೆಂದು
ಪೆನ್ಷನ್ ಮೊಹಲ್ಲಾದ ಜಟಕಾದವನ ಮಗ,
ನನಗೇ ಗೊತ್ತಿರಲಿಲ್ಲ.

ಶನಿವಾರ ಹತ್ತೂವರೆಗೆ ದುದ್ದದ ಬಸ್ಸಿಳಿದು
ನೇತ್ರಾವತಿ ಬರುತ್ತಾಳೆ, ಸೊಂಟದಲ್ಲಿ ಮಗ.
ಎಂಟು ತುಂಬಿದವನನ್ನು ಹೊತ್ತು ಹೊತ್ತು
ಅವಳ ಬೆನ್ನು ಒಂದು ಕಡೆ ವಾಲಿ ಅಲ್ಲೇ ನಿಂತಿದೆ,
ಇಳಿಸಿದ ಮೇಲೂ.
ಗಾರ್ಮೆಂಟ್ಸಿನಲ್ಲಿ ಅರ್ಧ ದಿನದ ಸಂಬಳ ಕಟ್.
ಮಗನ ಹೆಸರು ಹೊಯ್ಸಳ.
ಹೆಸರಿಟ್ಟಾಗ ಇನ್ನೂ ಗೊತ್ತಾಗಿರಲಿಲ್ಲ, ಎಂದಳು ಒಮ್ಮೆ,
ಯಾರೂ ಏನೂ ಕೇಳದಿದ್ದರೂ.

ಕತ್ತರಿ ಕಾಲು. ಒಂದರ ಮೇಲೊಂದು ಹೆಣೆದುಕೊಂಡು
ಬಿಡಿಸಲು ಹೋದಷ್ಟೂ ಬಿಗಿ.
ಬಲ ಮುಷ್ಟಿಯೊಳಗೆ ಹೆಬ್ಬೆರಳು ಬಚ್ಚಿಟ್ಟಿದ್ದಾನೆ,
ಯಾರಾದರೂ ಕಸಿದುಕೊಂಡಾರು ಎಂಬಂತೆ.

ಡೆಲ್ಫಿನ್ ಮೇಡಂ ಹೇಳುತ್ತಾರೆ:
ಕುದುರೆಯ ಮೈ ನಮ್ಮದಕ್ಕಿಂತ ಒಂದು ಡಿಗ್ರಿ ಬೆಚ್ಚಗೆ,
ಅದು ನಡೆದರೆ ಅದರ ಬೆನ್ನು ಆಡುವುದು
ಮನುಷ್ಯ ನಡೆದಾಗ ಸೊಂಟ ಆಡುವ ಹಾಗೇ.
ಅಂದರೆ ಅವನ ಸೊಂಟ ನಡೀತಾ ಇದೆ, ಅಮೀರ್‌ಜಾನ್,
ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಷ್ಟೆ.

ಜೀನಿಲ್ಲ, ಕಂಬಳಿ ಮಾತ್ರ.
ಅತ್ತ ಒಬ್ಬರು, ಇತ್ತ ಒಬ್ಬರು, ಮುಂದೆ ಹಗ್ಗ ಹಿಡಿದು ನಾನು.
ಮೊದಲ ದಿನ ಕಿರುಚಿದ. ಎರಡನೆಯ ದಿನ ವಾಂತಿ.
ಮೂರನೆಯ ವಾರ, ಏಳನೇ ಸುತ್ತಿನಲ್ಲಿ,
ತುಕ್ಕು ಹಿಡಿದ ಗಾಡಿ ಕೀಲು ಎಣ್ಣೆ ಕುಡಿದು ಬಿಟ್ಟ ಹಾಗೆ
ಸದ್ದಿಲ್ಲದೆ
ಒಂದು ಮೊಳಕಾಲು ಇನ್ನೊಂದನ್ನು ಬಿಟ್ಟಿತು.
ನೇತ್ರಾವತಿ ನೋಡಲಿಲ್ಲ. ಬೇಲಿಯಾಚೆಯ ಆಲೂಗಡ್ಡೆ ಹೊಲದ ಕಡೆ ಮುಖ ಮಾಡಿ
ನಲ್ಲಿಯಲ್ಲಿ ಟಿಫಿನ್ ಡಬ್ಬಿ ತೊಳೆಯುತ್ತಿದ್ದಳು.
ಕರೆಯಲಿಲ್ಲ ನಾನು.
ಕರೆದಿದ್ದರೆ ಮತ್ತೆ ಬಿಗಿಯಾಗುತ್ತಿತ್ತೇನೋ.

ನಮ್ಮಪ್ಪ ಸ್ಟೇಷನ್ನಿನಿಂದ ಮಂಡಿಗೆ ಬಾಡಿಗೆ ಹೊಡೆಯುವಾಗ
ಕುದುರೆಗೆ ಅನ್ನುತ್ತಿದ್ದದ್ದು ಒಂದೇ ಮಾತು: ಹೊಯ್.
ಹೊರಡುವುದಕ್ಕೂ ಅದೇ, ನಿಲ್ಲುವುದಕ್ಕೂ ಅದೇ,
ಅಡ್ಡ ಬಂದ ಸೈಕಲ್ಲಿನವನಿಗೂ ಅದೇ.
ನನ್ನ ನಾಲಗೆಗೂ ಅಂಟಿದೆ.

ಕಳೆದ ಶನಿವಾರ ಹೊಂಗೆ ಮರದ ಹತ್ತಿರ
ಬತ್ತಾಸು ಸುಮ್ಮನೆ ನಿಂತುಬಿಟ್ಟಿತು.
ಕಾಯಿರಿ, ಎಂದರು ಮೇಡಂ ಕಣ್ಣಲ್ಲೇ.
ಮೇಲೆ, ಗಂಟಲೊಳಗೆ ಕಲ್ಲು ಉರುಳಿಸುವ ಹಾಗೆ,
ದವಡೆ ಓರೆಯಾಗಿ, ಜೊಲ್ಲು ನನ್ನ ತೋಳಿನ ಮೇಲೆ ಬಿದ್ದು,
ಹೊ
        ಯ್.

ತನ್ನ ಹೆಸರು ಹೇಳಹೊರಟು ಅರ್ಧದಲ್ಲಿ ಉಸಿರು ಮುಗಿಯಿತೋ,
ನಮ್ಮಪ್ಪನ ಮಾತು ಕದ್ದನೋ.

ಬತ್ತಾಸು ಕದಲಲಿಲ್ಲ. ಒಂದು ಕಿವಿ ತಿರುಗಿಸಿತು, ಅಷ್ಟೆ.
ಯಾರಿಗೂ ಕಾಣದಂತೆ
ಹಗ್ಗವನ್ನು ಎರಡು ಬೆರಳಿನಷ್ಟು ಎಳೆದೆ.
ಅದು ಹೆಜ್ಜೆಯಿಟ್ಟಿತು.
ಅವನು ನಕ್ಕ ರಭಸಕ್ಕೆ ಹೆಲ್ಮೆಟ್ಟು ಕಣ್ಣ ಮೇಲೆ ಜಾರಿತು.

ಸುಳ್ಳು ನನಗೆ ಹೊಸದಲ್ಲ.
ಮದುವೆಯವರಿಗೆ ಬತ್ತಾಸಿನ ವಯಸ್ಸು
ಪ್ರತಿ ವರ್ಷವೂ ಆರೇ ಎನ್ನುತ್ತಿದ್ದೆ.
ಈ ಎರಡು ಬೆರಳಿನ ಸುಳ್ಳು ಮಾತ್ರ
ರಾತ್ರಿ ತಟ್ಟೆಯ ಎದುರು ಬಂದು ಕೂತಿತು.

ಇವತ್ತು ಗೊರಸಿನ ಮಣ್ಣು ಕೆರೆಯುತ್ತಾ ಹೇಳಿದೆ:
ಈ ಸಲ ನಾನು ಎಳೆಯೋದಿಲ್ಲ, ನೀನೇ ಕೇಳಿಸ್ಕೊ.
ಅದು ನನ್ನ ಜೇಬಿಗೆ ಮೂತಿ ಹಾಕಿ ಕ್ಯಾರೆಟ್ಟು ಹುಡುಕಿತು.
ಛತ್ರದ ಕಡೆಯಿಂದ ಯಾರದೋ ದಿಬ್ಬಣದ ತಮಟೆ.
ಮುಂಗಾಲು ಸಣ್ಣಗೆ ನಡುಗಿತು.
ಗೊರಸು ನನ್ನ ಅಂಗೈಯಲ್ಲಿತ್ತು.
ಬಿಡಲಿಲ್ಲ ನಾನು,
ಅದೂ ಎಳೆದುಕೊಳ್ಳಲಿಲ್ಲ.